ಸ್ಟ್ಯಾಕ್ ಮಾಡಿದ ಸ್ವಿಚ್‌ಗಳಲ್ಲಿ ಅಪ್‌ಲಿಂಕ್ ಹಂಚುವುದು: ಯಾವ ಮೆಂಬರ್, ಯಾವ ಪೋರ್ಟ್, ಯಾಕೆ

ಮುಂಬಯಿಯ ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲೋ ಪುಣೆಯ ಹಿಂಜವಡಿಯಲ್ಲೋ ಇರುವ ಒಂದು ಸಾಧಾರಣ ಆಫೀಸನ್ನು ತೆಗೆದುಕೊಳ್ಳಿ. ಮಹಡಿಯ ರ‍್ಯಾಕಿನಲ್ಲಿ 48 ಪೋರ್ಟಿನ ನಾಲ್ಕು ಸ್ವಿಚ್, ಅವೆಲ್ಲವನ್ನೂ ಒಂದೇ ಸಾಧನದಂತೆ ಬೆಸೆಯುವ ಸ್ಟ್ಯಾಕ್ ಕೇಬಲ್ ಹಿಂದೆ, ಅಲ್ಲಿಂದ ಇಡೀ ಕಟ್ಟಡದ ಟ್ರಾಫಿಕ್ ಸೇರುವ ಕೋರ್ ಸ್ವಿಚ್‌ಗೆ ಎರಡು 10 ಗಿಗ್ (ಸೆಕೆಂಡಿಗೆ 10 ಗಿಗಾಬಿಟ್) ಫೈಬರ್, ಅಂದರೆ ಅಪ್‌ಲಿಂಕ್. ಸ್ಟ್ಯಾಕಿನ ಪ್ರತಿ ಸ್ವಿಚ್ ಒಂದು ಮೆಂಬರ್. ಎರಡೂ ಫೈಬರ್ ಮೇಲಿನ ಸ್ವಿಚ್‌ನ ಅಕ್ಕಪಕ್ಕದ ಎರಡು ತೂತುಗಳಲ್ಲೇ ಕೂತಿರುತ್ತವೆ. ಪ್ಯಾಚ್ ಕಾರ್ಡ್ ಅಷ್ಟೇ ಉದ್ದ ಇತ್ತು, ಎಸ್‌ಎಫ್‌ಪಿ (ಫೈಬರ್ ಮಾಡ್ಯೂಲ್) ಜಾಗ ಪಕ್ಕಪಕ್ಕ ಇತ್ತು, ಅದಕ್ಕೇ ಹಾಗೆ. ಹಲವು ಲಿಂಕನ್ನು ಒಂದು ಬಂಡಲಾಗಿ ಕಟ್ಟುವ ಎಲ್‌ಎಸಿಪಿ ಮೇಲೆದ್ದಿದೆ, ಎರಡೂ ದೀಪ ಹಸಿರಾಗಿವೆ, ಆ ಬಂಡಲ್, ಅಂದರೆ ಪೋರ್ಟ್-ಚಾನೆಲ್, 20 ಗಿಗ್ ತೋರಿಸುತ್ತಿದೆ. ಆ ಮೇಲಿನ ಸ್ವಿಚ್‌ನ ಪವರ್ ಸಪ್ಲೈ ಹೋದ ದಿನ ಏನಾಗುತ್ತದೆ? ಕೆಳಗಿನ ಮೂರು ಸ್ವಿಚ್ ಆರೋಗ್ಯವಾಗಿದ್ದರೂ ಅವುಗಳ 144 ಪೋರ್ಟಿಗೂ ಹೊರಗೆ ಹೋಗುವ ದಾರಿ ಇಲ್ಲ. ಎರಡು ಲಿಂಕಿಗೆ ಕೊಟ್ಟ ದುಡ್ಡಿನಿಂದ ಒಂದು ಫೈಬರಿನ ರಕ್ಷಣೆ ಮಾತ್ರ ಸಿಕ್ಕಿತು, ಸ್ವಿಚ್‌ನದ್ದು ಸಿಗಲಿಲ್ಲ.

ಅಪ್‌ಲಿಂಕ್ ಹಂಚುವಾಗ ಎಷ್ಟು ಲಿಂಕ್ ಇವೆ ಎಂದು ಎಣಿಸಿದರೆ ಸಾಲದು, ಯಾವ ಎರಡು ಲಿಂಕ್ ಒಟ್ಟಿಗೆ ಹೋಗಬಲ್ಲವು ಎಂದು ಹುಡುಕಬೇಕು. ಸ್ವಿಚ್‌ನಿಂದ ಹಿಡಿದು ಪ್ಲಗ್, ಕೇಬಲ್ ಇಳಿಯುವ ಶಾಫ್ಟ್, ಕೋರ್ ಕಾರ್ಡ್‌ವರೆಗೂ ಈ ಹುಡುಕಾಟ ನಡೆಯಬೇಕು.

ಮೊದಲು ಅದು ನಿಜವಾಗಿ ಸ್ಟ್ಯಾಕ್ ಹೌದೇ ನೋಡಿ

ಒಂದರ ಮೇಲೊಂದು ಜೋಡಿಸಿ, ಮುಂದಿನ ಪೋರ್ಟುಗಳಲ್ಲಿ ಸಾಮಾನ್ಯ ಪ್ಯಾಚ್ ಕಾರ್ಡಿನಿಂದ ಸರಪಳಿ ಕಟ್ಟಿದ್ದನ್ನೂ ಜನ ಸ್ಟ್ಯಾಕ್ ಎಂದೇ ಕರೆಯುತ್ತಾರೆ. ಅದು ಸ್ಟ್ಯಾಕ್ ಅಲ್ಲ. ಒಂದೇ ಐಪಿಯಿಂದ ಹಲವು ಸ್ವಿಚ್ ನಿರ್ವಹಿಸುವ ಸೌಲಭ್ಯವಿದ್ದರೂ ಅಲ್ಲ, ಅಲ್ಲಿ ಪ್ರತಿ ಸ್ವಿಚ್‌ನ ಮಿದುಳು ಬೇರೆಯೇ. ಬೇರೆ ಬೇರೆ ಸ್ವಿಚ್‌ನ ಪೋರ್ಟುಗಳು ಒಂದೇ ಬಂಡಲಿಗೆ ಸೇರಬೇಕಾದರೆ ಎದುರಿನ ಕೋರ್‌ಗೆ ಅವೆಲ್ಲ ಒಂದೇ ಸಾಧನವಾಗಿ, ಒಂದೇ ಎಲ್‌ಎಸಿಪಿ ಸಿಸ್ಟಮ್ ಐಡಿ (ಸಾಧನದ ಗುರುತು) ಹೇಳುತ್ತಾ ಕಾಣಬೇಕು. ಸಿಸ್ಕೋದ ಸ್ಟ್ಯಾಕ್‌ವೈಸ್, ಜುನಿಪರ್‌ನ ವರ್ಚುವಲ್ ಷಾಸಿ, ಅರೂಬಾದ ವಿಎಸ್‌ಎಫ್, ಎಚ್‌ಪಿಇ ಕಾಮ್‌ವೇರ್‌ನ ಐಆರ್‌ಎಫ್ ಈ ಕೆಲಸ ಮಾಡುತ್ತವೆ.

ಕೋರ್ ಕಡೆಗೂ ಇದೇ ಮಾತು. ಎರಡು ಪ್ರತ್ಯೇಕ ಕೋರ್ ಸ್ವಿಚ್‌ಗೆ ಒಂದೊಂದು ಫೈಬರ್ ಎಳೆದು ಸ್ಟ್ಯಾಕ್ ಕಡೆ ಒಂದೇ ಪೋರ್ಟ್-ಚಾನೆಲ್ ಮಾಡಿದರೆ, ಎದುರಿನಿಂದ ಎರಡು ಬೇರೆ ಸಿಸ್ಟಮ್ ಐಡಿ ಬರುತ್ತವೆ. ಒಂದು ಲಿಂಕ್ ಸೇರುತ್ತದೆ, ಇನ್ನೊಂದು ಹೊರಗೇ ಉಳಿಯುತ್ತದೆ. ಕೋರ್ ಜೋಡಿ ತಾನೂ ಒಂದು ಸ್ಟ್ಯಾಕ್ ಆಗಿರಬೇಕು, ಇಲ್ಲವೇ ಎರಡರ ನಡುವೆ, ಎದುರಿನವರಿಗೆ ಒಂದೇ ಸಾಧನವಾಗಿ ತೋರಿಸುವ ಎಂಎಲ್‌ಎಜಿ, ವಿಪಿಸಿ, ವಿಎಸ್‌ಎಕ್ಸ್, ಸ್ಟ್ಯಾಕ್‌ವೈಸ್ ವರ್ಚುವಲ್‌ನಂಥ ಏರ್ಪಾಡು ಇರಬೇಕು. ಇದೊಂದೂ ಇಲ್ಲದಿದ್ದರೆ ಬಂಡಲ್ ಮಾಡುವ ಆಸೆ ಬಿಟ್ಟು ಟ್ರಾಫಿಕ್ ಸುತ್ತುತ್ತಲೇ ಇರುವ ಲೂಪ್ ತಪ್ಪಿಸುವ ಸ್ಪ್ಯಾನಿಂಗ್ ಟ್ರೀಗೆ ಒಂದು ಲಿಂಕನ್ನು ತಡೆಹಿಡಿಯಲು ಬಿಡುವುದೇ ಸರಿ.

ಹಿಂಬದಿಯ ಕೇಬಲ್‌ಗಳು ಪೂರ್ತಿ ಉಂಗುರವಾಗಿವೆಯೇ ಎನ್ನುವುದನ್ನೂ ಈಗಲೇ ನೋಡಿ. ಸಿಸ್ಕೋದಲ್ಲಿ 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್ ಸಮ್ಮರಿ' ಎಂಬ ಕಮಾಂಡ್ ಕೊಟ್ಟರೆ ಪ್ರತಿ ಮೆಂಬರ್‌ನ ಎರಡೂ ಸ್ಟ್ಯಾಕ್ ಪೋರ್ಟ್ 'ಓಕೆ' ಇರಬೇಕು. 'ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್' ಕೊಟ್ಟಾಗ 'ಹಾಫ್' ಎಂದು ಬಂದರೆ ಒಂದು ಕೇಬಲ್ ಸಡಿಲವಾಗಿದೆ ಅಥವಾ ಹಾಕಿಯೇ ಇಲ್ಲ. ಅದನ್ನು ಸರಿಪಡಿಸದೆ ಅಪ್‌ಲಿಂಕ್ ಹಂಚಲು ಹೋಗಬೇಡಿ. ಮೂರನೇ ಮೆಂಬರ್‌ನಲ್ಲಿರುವ ಅಪ್‌ಲಿಂಕಿಗೆ ಒಂದನೇ ಮೆಂಬರ್‌ನ ಬಳಕೆದಾರ ತಲುಪುವುದು ಆ ಕೇಬಲಿನ ಮೂಲಕವೇ.

ಎಷ್ಟು ಲಿಂಕ್, ಯಾವ ಮೆಂಬರ್‌ಗೆ

ನಾಲ್ಕು ಮೆಂಬರ್‌ನ 192 ಗಿಗಾಬಿಟ್ ಪೋರ್ಟಿಗೆ 10 ಗಿಗ್‌ನ 2 ಲಿಂಕ್ ಇದ್ದರೆ ಪೋರ್ಟುಗಳ ಒಟ್ಟು ವೇಗಕ್ಕೂ ಲಿಂಕುಗಳದ್ದಕ್ಕೂ ಅನುಪಾತ 9.6ಕ್ಕೆ 1, 4 ಲಿಂಕ್ ಇದ್ದರೆ 4.8ಕ್ಕೆ 1. ಮೇಲ್, ಬ್ರೌಸರ್, ವಿಡಿಯೋ ಮೀಟಿಂಗ್ ಮಾಡುವ ಆಫೀಸಿಗೆ ಎರಡೂ ಸಾಕು. ಸೆಕೆಂಡಿಗೆ 4 ಮೆಗಾಬಿಟ್‌ನ 64 ಕ್ಯಾಮೆರಾ ಸೇರಿಸಿದರೂ 256 ಮೆಗಾಬಿಟ್ ಅಷ್ಟೇ. ಎಡಿಟಿಂಗ್ ಸ್ಟುಡಿಯೋ, ಡಿಸೈನ್ ಆಫೀಸು, ರಾತ್ರಿ ಬ್ಯಾಕಪ್ ಓಡುವ ಜಾಗಗಳಲ್ಲಿ ಮಾತ್ರ ಅಗಲದ ಲೆಕ್ಕ ಮುಖ್ಯವಾಗುತ್ತದೆ. ಉಳಿದೆಡೆ ಎರಡನೇ ಲಿಂಕ್ ಇರುವುದು ಬದುಕುಳಿಯಲಿಕ್ಕೆ.

ಎರಡೇ ಲಿಂಕ್ ಇದ್ದರೆ ಎರಡು ಬೇರೆ ಮೆಂಬರ್‌ಗೆ ಹಾಕಿ ಎನ್ನುವುದು ಎಲ್ಲರಿಗೂ ಗೊತ್ತು. ಯಾವ ಎರಡು ಎನ್ನುವಲ್ಲಿ ಸ್ವಲ್ಪ ನಿಲ್ಲಬೇಕು. ಸ್ಟ್ಯಾಕಿನಲ್ಲಿ ಒಂದು ಆಕ್ಟಿವ್ ಸ್ವಿಚ್ ಇರುತ್ತದೆ, ಎಲ್ಲರ ಪರವಾಗಿ ಎಲ್‌ಎಸಿಪಿ, ಸ್ಪ್ಯಾನಿಂಗ್ ಟ್ರೀ ಮಾತಾಡುವುದು ಅದೇ. ಅದು ಸತ್ತರೆ ಜಾಗ ತುಂಬಲು ಒಂದು ಸ್ಟ್ಯಾಂಡ್‌ಬೈ ಇರುತ್ತದೆ. ಆಕ್ಟಿವ್‌ನಲ್ಲೇ ಅಪ್‌ಲಿಂಕ್ ಇದ್ದು ಅದು ಸತ್ತರೆ, ಮಿದುಳು ಬದಲಾಗುವ ಅದೇ ಕ್ಷಣದಲ್ಲಿ ಒಂದು ಲಿಂಕೂ ಹೋಗುತ್ತದೆ. ಎರಡು ಪೆಟ್ಟು ಒಟ್ಟಿಗೆ. ಆದ್ದರಿಂದ ನಾಲ್ಕು ಅಥವಾ ಹೆಚ್ಚು ಮೆಂಬರ್ ಇದ್ದಾಗ ಆಕ್ಟಿವ್ ಮತ್ತು ಸ್ಟ್ಯಾಂಡ್‌ಬೈ ಎರಡನ್ನೂ ಬಿಟ್ಟು ಉಳಿದವಕ್ಕೆ ಅಪ್‌ಲಿಂಕ್ ಕೊಡುವುದು ಒಳ್ಳೆಯದು. ಉದಾಹರಣೆಗೆ, 1 ಆಕ್ಟಿವ್, 3 ಸ್ಟ್ಯಾಂಡ್‌ಬೈ, ಅಪ್‌ಲಿಂಕ್ 2ರಲ್ಲೂ 4ರಲ್ಲೂ. ಉಂಗುರದಲ್ಲಿ 2 ಮತ್ತು 4 ಎದುರುಬದುರು, ಉಳಿದ ಎರಡು ಮೆಂಬರ್‌ನಿಂದ ಯಾವ ಅಪ್‌ಲಿಂಕಿಗೆ ಹೋದರೂ ಒಂದೇ ಹೆಜ್ಜೆ.

ಯಾರು ಆಕ್ಟಿವ್ ಆಗಬೇಕೆಂದು ಪ್ರಯಾರಿಟಿಯಿಂದ ಕಟ್ಟಿಹಾಕಿ. ಸಿಸ್ಕೋದಲ್ಲಿ ಗರಿಷ್ಠ 15, ಬದಲಾಯಿಸದಿದ್ದರೆ 1. 'ಸ್ವಿಚ್ 1 ಪ್ರಯಾರಿಟಿ 15', 'ಸ್ವಿಚ್ 3 ಪ್ರಯಾರಿಟಿ 14', ಉಳಿದವು 1ರಲ್ಲೇ ಇರಲಿ. ಆಗಲೇ ಆಯ್ಕೆ ಮುಗಿದಿರುವ ಸ್ಟ್ಯಾಕಿನಲ್ಲಿ ಈ ಸಂಖ್ಯೆ ಮುಂದಿನ ಚುನಾವಣೆಗೆ ಅನ್ವಯಿಸುತ್ತದೆ, ತಕ್ಷಣಕ್ಕಲ್ಲ. ಎರಡೇ ಮೆಂಬರ್‌ನ ಸ್ಟ್ಯಾಕ್ ಆದರೆ ಆಯ್ಕೆಯೇ ಇಲ್ಲ, ಒಂದೊಂದು ಲಿಂಕ್ ಎರಡಕ್ಕೂ ಹೋಗಲಿ. ಮೂರು ಮೆಂಬರ್ ಇದ್ದರೆ ಆಕ್ಟಿವ್ ಒಂದನ್ನು ಬಿಟ್ಟರೆ ಸಾಕು.

ನಾಲ್ಕು ಲಿಂಕ್ ನಾಲ್ಕು ಮೆಂಬರ್‌ಗೆ ಒಂದೊಂದರಂತೆ ಹಾಕಿದರೆ ಯಾವುದು ಸತ್ತರೂ 30 ಗಿಗ್ ಉಳಿಯುತ್ತದೆ. ಕೋರ್ ಎರಡಿದ್ದರೆ 1 ಮತ್ತು 3ರ ಫೈಬರ್ ಮೊದಲನೇ ಕೋರ್‌ಗೆ, 2 ಮತ್ತು 4ರದ್ದು ಎರಡನೆಯದಕ್ಕೆ. ಆಗ ಒಂದು ಕೋರ್ ಮತ್ತು ಯಾವುದೋ ಒಂದು ಮೆಂಬರ್ ಒಟ್ಟಿಗೆ ಹೋದರೂ ಕನಿಷ್ಠ ಒಂದು ದಾರಿ ಉಳಿದೇ ಉಳಿಯುತ್ತದೆ.

ಲಿಂಕ್ ಸಂಖ್ಯೆ 2, 4 ಅಥವಾ 8 ಆಗಿರಲಿ. ಸಿಸ್ಕೋದ ಹಳೆಯ ಮತ್ತು ಸಣ್ಣ ಸ್ವಿಚ್‌ಗಳು ಟ್ರಾಫಿಕ್ಕನ್ನು 8 ಭಾಗ ಮಾಡಿ ಲಿಂಕ್‌ಗಳಿಗೆ ಹಂಚುತ್ತವೆ. 3 ಲಿಂಕ್ ಇದ್ದರೆ ಅದು 3, 3, 2 ಎಂದು ಬೀಳುತ್ತದೆ. 6 ಇದ್ದರೆ ಎರಡು ಲಿಂಕಿಗೆ ಎರಡೆರಡು ಭಾಗ, ನಾಲ್ಕಕ್ಕೆ ಒಂದೊಂದು. ಮೂರನೇ ಲಿಂಕ್ ಹಾಕಿಯೂ ಅಂದುಕೊಂಡಷ್ಟು ಹಗುರಾಗಲಿಲ್ಲ ಎನ್ನುವವರು ಮೊದಲು ಈ ಲೆಕ್ಕ ನೋಡಬೇಕು.

ಸಿಸ್ಕೋದ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಒಂದು ಎಲ್‌ಎಸಿಪಿ ಬಂಡಲಿಗೆ 16 ಪೋರ್ಟ್ ಸೇರಿಸಬಹುದು, ಕೆಲಸ ಮಾಡುವುದು 8. ಉಳಿದವು ಹಾಟ್-ಸ್ಟ್ಯಾಂಡ್‌ಬೈ. ಯಾವುದು ಕೆಲಸಕ್ಕೆ, ಯಾವುದು ಕಾಯಲಿಕ್ಕೆ ಎಂದು ಆರಿಸುವಾಗ ಪೋರ್ಟ್ ಪ್ರಯಾರಿಟಿ ಎಲ್ಲಕ್ಕೂ ಒಂದೇ 32768 ಇದ್ದರೆ ಪೋರ್ಟ್ ನಂಬರ್ ತೀರ್ಮಾನಿಸುತ್ತದೆ. ಕೆಳಗಿನ ಸಂಖ್ಯೆ ಗೆಲ್ಲುತ್ತದೆ. ಅಂದರೆ ಮೊದಲ ಮೆಂಬರ್‌ಗಳ ಪೋರ್ಟೆಲ್ಲ ಕೆಲಸಕ್ಕೆ, ಕೊನೆಯ ಮೆಂಬರ್‌ಗಳದ್ದೆಲ್ಲ ಕಾಯಲಿಕ್ಕೆ! ನೀವು ಕಷ್ಟಪಟ್ಟು ಹಂಚಿದ್ದು ಮತ್ತೆ ಒಂದೇ ಕಡೆ ಗುಡ್ಡೆಯಾಗುತ್ತದೆ. 8ಕ್ಕಿಂತ ಹೆಚ್ಚು ಪೋರ್ಟ್ ಇದ್ದರೆ ಪ್ರತಿ ಮೆಂಬರ್‌ನಲ್ಲಿ ಯಾವುದು ಮುಖ್ಯವೋ ಅದಕ್ಕೆ 'ಎಲ್‌ಎಸಿಪಿ ಪೋರ್ಟ್-ಪ್ರಯಾರಿಟಿ 100' ಎಂದು ಕೈಯಾರೆ ಕೊಡಿ.

ಬೇಕಾಗುವ ಸಾಮಾನು

ನಾಲ್ಕು ಮೆಂಬರ್, ಎರಡು 10 ಗಿಗ್ ಲಿಂಕ್ ಎಂದಾದರೆ: ಎಸ್‌ಎಫ್‌ಪಿ-ಪ್ಲಸ್ ಮಾಡ್ಯೂಲ್ 4, ಒಂದು ಸ್ಪೇರ್. ಎಲ್‌ಸಿ ಡ್ಯೂಪ್ಲೆಕ್ಸ್ ಪ್ಯಾಚ್ ಕಾರ್ಡ್ 4, ಎರಡು ಸ್ಪೇರ್. ಸ್ಟ್ಯಾಕ್ ಕೇಬಲ್ 4, ಅಂದರೆ ಮೆಂಬರ್ ಎಷ್ಟೋ ಕೇಬಲ್ ಅಷ್ಟೇ. ಸ್ವಿಚ್‌ಗಳ ನಡುವೆ ಕೇಬಲ್ ಮ್ಯಾನೇಜರ್ ಅಥವಾ ಪ್ಯಾಚ್ ಪ್ಯಾನೆಲ್ ಇದ್ದರೆ 50 ಸೆಂಮೀ ಕೇಬಲ್ ಎಟುಕದೆ ಹೋಗುತ್ತದೆ, ಮೇಲಿನಿಂದ ಕೆಳಗಿನದಕ್ಕೆ ಮರಳುವ ಒಂದಕ್ಕಂತೂ 1 ಮೀಟರ್ ಬೇಕಾಗುತ್ತದೆ. ಫೈಬರ್ ಕ್ಲೀನರ್ ಪೆನ್ ಒಂದು.

ಮಾಡ್ಯೂಲ್ ವಿಷಯದಲ್ಲಿ ಜಾಗ್ರತೆ. ಓಎಂ3 ಮಲ್ಟಿಮೋಡ್ ಫೈಬರ್ ಮೇಲೆ ಕಡಿಮೆ ದೂರದ ಎಸ್‌ಆರ್ ಮಾಡ್ಯೂಲ್ 300 ಮೀಟರ್, ಓಎಂ4 ಮೇಲೆ 400 ಮೀಟರ್ ಹೋಗುತ್ತದೆ. ಹೆಚ್ಚು ದೂರದ ಎಲ್‌ಆರ್ ಮಾಡ್ಯೂಲಿಗೆ ಹಳದಿ ಸಿಂಗಲ್ ಮೋಡ್ ಫೈಬರ್, 10 ಕಿಮೀ. ಎರಡು ಲಿಂಕಿನ ವೇಗ ಒಂದೇ ಇರಬೇಕು. 10 ಗಿಗ್ ತೂತಿಗೆ 1 ಗಿಗ್ ಮಾಡ್ಯೂಲ್ ಹಾಕಿದರೆ ದೀಪ ಹತ್ತುತ್ತದೆ, ಆದರೆ ಆ ಪೋರ್ಟ್ 10 ಗಿಗ್ ಬಂಡಲಿಗೆ ಸೇರುವುದಿಲ್ಲ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಬರಹ ಬಿಟ್ಟು ಮಾಡ್ಯೂಲಿನ ಮೈಮೇಲಿನ ಬರಹ ಓದಿ: ವೇಗ, ತರಂಗದುದ್ದ (ಎಸ್‌ಆರ್‌ಗೆ 850, ಎಲ್‌ಆರ್‌ಗೆ 1310 ನ್ಯಾನೋಮೀಟರ್), ಯಾವ ಕಂಪನಿಯ ಸ್ವಿಚ್‌ಗೆ ಕೋಡ್ ಮಾಡಿದ್ದು.

ಹಾಕಿದ ಮೇಲೆ 'ಶೋ ಇಂಟರ್‌ಫೇಸಸ್ ಟ್ರಾನ್ಸೀವರ್' ಕೊಟ್ಟು ಬರುವ ಬೆಳಕು ಅಳೆಯಿರಿ. 10 ಗಿಗ್ ಎಸ್‌ಆರ್‌ಗೆ ಮೈನಸ್ 9.9ರಿಂದ ಮೈನಸ್ 1 ಡಿಬಿಎಂ (ಬೆಳಕಿನ ಬಲದ ಅಳತೆ), ಎಲ್‌ಆರ್‌ಗೆ ಮೈನಸ್ 14.4ರಿಂದ ಪ್ಲಸ್ 0.5 ಡಿಬಿಎಂ ಒಳಗಿರಬೇಕು. ಅಂಚಿನಲ್ಲಿ ಸಿಕ್ಕಿದ್ದನ್ನು ಹಾಗೇ ಬಿಡಬೇಡಿ. ಮುಂಬಯಿಯ ಮಳೆಗಾಲದ ನಾಲ್ಕು ತಿಂಗಳು, ರಾತ್ರಿ ಎಸಿ ನಿಲ್ಲಿಸುವ ರ‍್ಯಾಕ್ ಕೋಣೆಗಳಲ್ಲಿ ತೇವವೂ ಧೂಳೂ ಸೇರಿ ಫೈಬರಿನ ತುದಿಗೆ ಅಂಟುತ್ತವೆ. ಹೊಸ ಪ್ಯಾಚ್ ಕಾರ್ಡನ್ನೂ ಒರೆಸಿಯೇ ಹಾಕಬೇಕು.

ಇನ್ನೊಂದು ವಿಷಯ ಕೇಬಲ್ ಎಳೆಯುವವರಿಗೆ ಕೊಡುವ ಪಟ್ಟಿ. ಇಲ್ಲಿಯ ತಂಡಗಳಲ್ಲಿ ಹಿಂದಿ, ಮರಾಠಿ, ನಮ್ಮ ಕಲಬುರಗಿ-ವಿಜಯಪುರದ ಕನ್ನಡ ಎಲ್ಲ ಓಡುತ್ತದೆ. 'ಮೇಲಿನ ಪೋರ್ಟ್', 'ಊಪರ್‌ವಾಲಾ' ಎಂದರೆ ಕೆಲವರಿಗೆ ಮೇಲಿನ ಸ್ವಿಚ್, ಕೆಲವರಿಗೆ ಅದೇ ಸ್ವಿಚ್‌ನ ಮೇಲಿನ ಸಾಲು. ಬೆಸ ಸಂಖ್ಯೆ ಮೇಲೆ, ಸರಿ ಸಂಖ್ಯೆ ಕೆಳಗೆ ಇರುವ ಸ್ವಿಚ್‌ಗಳಲ್ಲಿ ಈ ಗೊಂದಲಕ್ಕೆ ಕೊನೆಯೇ ಇಲ್ಲ. ಪಟ್ಟಿಯಲ್ಲಿ ಸಂಖ್ಯೆ ಮಾತ್ರ ಇರಲಿ: 'ಮೆಂಬರ್ 2, ಟೆನ್‌ಗಿಗ್ 2/1/1, ಕೋರ್ 1ರ ಪೋರ್ಟ್ 11'. ಅದೇ ಸಂಖ್ಯೆಯ ಲೇಬಲ್ ಎರಡೂ ತುದಿಗೆ ಅಂಟಿಸಿ, ಸ್ವಿಚ್‌ನ ಮುಖದ ಮೇಲೂ ಮೆಂಬರ್ ನಂಬರ್ ದೊಡ್ಡದಾಗಿ ಬರೆಯಿರಿ. ರ‍್ಯಾಕಿನಲ್ಲಿ ಮೇಲಿಂದ ಎರಡನೆಯದು ಸಾಫ್ಟ್‌ವೇರ್‌ನಲ್ಲೂ ಮೆಂಬರ್ 2 ಆಗಿರುತ್ತದೆ ಎಂಬ ಭರವಸೆ ಇಲ್ಲ. 'ಸ್ವಿಚ್ 4 ರೀನಂಬರ್ 2' ಎಂದು ಮೊದಲೇ ಸರಿಮಾಡಿಕೊಳ್ಳಬಹುದು, ಆದರೆ ಅದು ಆ ಮೆಂಬರ್ ರೀಬೂಟ್ ಆದ ಮೇಲೆ ಜಾರಿಗೆ ಬರುತ್ತದೆ. ಜುನಿಪರ್‌ನಲ್ಲಿ ಮೆಂಬರ್ ಎಣಿಕೆ 0ಯಿಂದ ಶುರು ಎನ್ನುವುದನ್ನೂ ನೆನಪಿಡಿ.

ಸ್ವಿಚ್ ಬೇರೆ ಮಾಡಿದರೂ ಒಟ್ಟಿಗೆ ಹೋಗುವ ಜಾಗಗಳು

ಅಪ್‌ಲಿಂಕ್ 2ರಲ್ಲೂ 4ರಲ್ಲೂ ಇದೆ, ಆದರೆ ಎರಡರ ಪವರ್ ಕಾರ್ಡೂ ಒಂದೇ ಪವರ್ ಸ್ಟ್ರಿಪ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಒಂದೇ ಹಗ್ಗಕ್ಕೆ ಎರಡು ಬಿಂದಿಗೆ ಕಟ್ಟಿ ಬಾವಿಗೆ ಇಳಿಸಿದ ಹಾಗೆ. ಎರಡು ಯುಪಿಎಸ್ ಇದ್ದರೆ 2 ಒಂದಕ್ಕೆ, 4 ಇನ್ನೊಂದಕ್ಕೆ. ಸ್ವಿಚ್‌ಗೆ ಎರಡು ಪವರ್ ಸಪ್ಲೈ ಇದ್ದರೆ ಪ್ರತಿಯೊಂದರ ಎ ಒಂದು ಯುಪಿಎಸ್‌ಗೆ, ಬಿ ಇನ್ನೊಂದಕ್ಕೆ. ಪುಣೆಯಲ್ಲಿ ಗುರುವಾರದ ವಿದ್ಯುತ್ ನಿರ್ವಹಣೆಯ ಹೊತ್ತು ಯುಪಿಎಸ್ ಬ್ಯಾಟರಿಗೆ ನಿಜವಾದ ಪರೀಕ್ಷೆ. ಒಂದು ಯುಪಿಎಸ್ ಕೈಕೊಟ್ಟರೆ ಯಾವ ಮೆಂಬರ್ ಬೀಳುತ್ತದೆ ಎಂದು ಕಾಗದದ ಮೇಲೆ ಬರೆದಿಟ್ಟಿರಿ.

ಫೈಬರ್ ದಾರಿಯದ್ದು ಇನ್ನೂ ಕಷ್ಟ. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಶಾಫ್ಟ್ ಒಂದೇ ಇರುತ್ತದೆ, ಅದರಲ್ಲೇ ನೀರಿನ ಪೈಪೂ ಹೋಗಿರುತ್ತದೆ. ಎರಡನೇ ದಾರಿ ಸಿಗದಿದ್ದರೆ ಕೊನೇಪಕ್ಷ ಎರಡು ಬೇರೆ ಫೈಬರ್ ಕೇಬಲ್ ಎಳೆಸಿ. 6 ಎಳೆಯ ಒಂದೇ ಕೇಬಲಿನ ನಾಲ್ಕು ಎಳೆ ಬಳಸಿ ಎರಡು ಲಿಂಕ್ ಮಾಡಿದರೆ ಡ್ರಿಲ್ ಹಿಡಿದ ಒಬ್ಬ ಕೆಲಸಗಾರ ಸಾಕು. ಕೋರ್ ಕೋಣೆ ಬೇಸ್‌ಮೆಂಟಿನಲ್ಲೋ ನೆಲಮಹಡಿಯಲ್ಲೋ ಇದ್ದರೆ ಎರಡೂ ಕೇಬಲ್ ನೆಲಮಟ್ಟದ ಒಂದೇ ಟ್ರೇಯಲ್ಲಿ ಮಲಗಿರದಂತೆ ನೋಡಿಕೊಳ್ಳಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಮೀ ಮಳೆ ಬಿದ್ದ ಊರಿದು, ನೆಲಮಹಡಿಗೆ ನೀರು ಬರುವುದಿಲ್ಲ ಎಂದು ಇಲ್ಲಿ ಯಾರೂ ಲೆಕ್ಕ ಹಾಕಬಾರದು.

ಕೋರ್ ತುದಿಯಲ್ಲಿ ಲೈನ್ ಕಾರ್ಡ್ ಇರುವ ಷಾಸಿ ಆಗಿದ್ದರೆ ಎರಡು ಲಿಂಕ್ ಎರಡು ಕಾರ್ಡಿಗೆ. ಎರಡು ಕೋರ್ ಇದ್ದರೆ ಒಂದೊಂದಕ್ಕೆ ಒಂದೊಂದು.

ಎಲ್‌ಎಸಿಪಿ: ಯಾವ ಮೋಡ್, ಯಾವ ವೇಗ

ಎಲ್‌ಎಸಿಪಿ 2000ದಲ್ಲಿ 802.3ಎಡಿ ಆಗಿ ಬಂದು, 2008ರಲ್ಲಿ 802.1ಎಎಕ್ಸ್‌ಗೆ ಸ್ಥಳಾಂತರವಾದ ಮಾನದಂಡ. ಎರಡೂ ಕಡೆ 'ಆಕ್ಟಿವ್' ಕೊಡಿ. 'ಆನ್' ಮೋಡ್ ಬೇಡವೇ ಬೇಡ. 'ಆನ್'ನಲ್ಲಿ ಎದುರು ಯಾರಿದ್ದಾರೆ ಎಂದು ಸ್ವಿಚ್ ಕೇಳುವುದೇ ಇಲ್ಲ, ದೀಪ ಹತ್ತಿದರೆ ಬಂಡಲಿಗೆ ಸೇರಿಸಿಕೊಳ್ಳುತ್ತದೆ. ಫೈಬರ್ ತಪ್ಪು ಪೋರ್ಟಿಗೆ ಹೋಗಿದ್ದರೆ ಲೂಪ್ ಆಗಬಹುದು, ಇಲ್ಲವೇ ಅರ್ಧ ಟ್ರಾಫಿಕ್ ಸದ್ದಿಲ್ಲದೆ ಮಾಯವಾಗಬಹುದು. ಇದೇ ಕೆಲಸದ ಪಿಎಜಿಪಿ ಸಿಸ್ಕೋದ ಸ್ವಂತದ್ದು, ಮೆಂಬರ್‌ಗಳ ನಡುವೆ ಹಂಚಿದ ಬಂಡಲಿಗೆ ಹಳೆಯ 3750 ಸ್ವಿಚ್‌ನಲ್ಲಿ ಅದು ನಡೆಯುವುದಿಲ್ಲ. ಎಲ್ಲ ಕಂಪನಿಗೂ ಹೊಂದುವುದು ಎಲ್‌ಎಸಿಪಿಯೇ.

ವೇಗದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಎಲ್‌ಎಸಿಪಿ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಸಂದೇಶ ಕಳಿಸುತ್ತದೆ, ಮೂರು ತಪ್ಪಿದರೆ, ಅಂದರೆ 90 ಸೆಕೆಂಡಿಗೆ, ಲಿಂಕನ್ನು ಹೊರಹಾಕುತ್ತದೆ. 'ಫಾಸ್ಟ್' ಕೊಟ್ಟರೆ 1 ಸೆಕೆಂಡಿಗೊಂದು, 3 ಸೆಕೆಂಡಿಗೆ ಹೊರಗೆ. ಫಾಸ್ಟ್ ಎಂದರೆ ಒಳ್ಳೆಯದು ಎಂದು ಕಾಣುತ್ತದೆ. ಆದರೆ ಸ್ಟ್ಯಾಕಿನಲ್ಲಿ ಆಕ್ಟಿವ್ ಸ್ವಿಚ್ ಸತ್ತು ಸ್ಟ್ಯಾಂಡ್‌ಬೈ ಮಾತು ಶುರುಮಾಡುವ ನಡುವೆ ಮೂರು ಸೆಕೆಂಡ್ ದಾಟಿದರೆ, ಬೇರೆ ಮೆಂಬರ್‌ನಲ್ಲಿ ಚೆನ್ನಾಗಿಯೇ ಇರುವ ಲಿಂಕನ್ನೂ ಕೋರ್ ಹೊರಹಾಕುತ್ತದೆ. ಹಂಚಿದ್ದರ ಫಲ ಬೇಕಾಗಿದ್ದ ಕ್ಷಣದಲ್ಲೇ ಕೈತಪ್ಪುತ್ತದೆ. ಸ್ಟ್ಯಾಕ್‌ಗಳಿಗೆ ನಿಧಾನದ 30 ಸೆಕೆಂಡೇ ಇರಲಿ. ಫೈಬರ್ ತುಂಡಾದರೆ ಬೆಳಕು ನಿಂತ ಕೂಡಲೇ ಪೋರ್ಟ್ ಡೌನ್ ಆಗುತ್ತದೆ, ಅದಕ್ಕೆ ಎಲ್‌ಎಸಿಪಿ ಸಂದೇಶಕ್ಕೆ ಕಾಯಬೇಕಿಲ್ಲ. ಒಂದು ಎಳೆ ಮಾತ್ರ ಸತ್ತ ಏಕಮುಖ ದೋಷಕ್ಕೆ ಸಿಸ್ಕೋದಿಂದ ಸಿಸ್ಕೋಗೆ ಅದನ್ನು ಪತ್ತೆಹಚ್ಚುವ ಯುಡಿಎಲ್‌ಡಿ ಹಾಕಿಕೊಳ್ಳಿ.

ಸ್ಟ್ಯಾಕಿನ ಮ್ಯಾಕ್ (ಹಾರ್ಡ್‌ವೇರ್) ವಿಳಾಸವೂ ಇಲ್ಲೇ ಬರುತ್ತದೆ. ಎಲ್‌ಎಸಿಪಿಯ ಸಿಸ್ಟಮ್ ಐಡಿ ಆ ಮ್ಯಾಕ್‌ನಿಂದ ಆಗುತ್ತದೆ. ಆಕ್ಟಿವ್ ಬದಲಾದಾಗ ಮ್ಯಾಕ್ ಕೂಡ ಬದಲಾದರೆ ಕೋರ್‌ಗೆ ಹೊಸ ಸಾಧನ ಬಂದಂತೆ ಕಾಣುತ್ತದೆ, ಬಂಡಲ್ ಪೂರ್ತಿ ಒಡೆದು ಮತ್ತೆ ಕಟ್ಟುತ್ತದೆ. ಹಳೆಯ ಕ್ಯಾಟಲಿಸ್ಟ್‌ಗಳಲ್ಲಿ 'ಸ್ಟ್ಯಾಕ್-ಮ್ಯಾಕ್ ಪರ್ಸಿಸ್ಟೆಂಟ್ ಟೈಮರ್ 0' ಕೊಟ್ಟರೆ ಮ್ಯಾಕ್ ಸ್ಥಿರವಾಗಿ ಉಳಿಯುತ್ತದೆ. 9300ರಂಥ ಹೊಸದರಲ್ಲಿ 'ಶೋ ಸ್ವಿಚ್' ಕೊಟ್ಟಾಗ ಮ್ಯಾಕ್ ಪರ್ಸಿಸ್ಟೆನ್ಸಿ ಸಾಲಿನಲ್ಲಿ 'ಇಂಡೆಫಿನಿಟ್' ಎಂದಿದೆಯೇ ನೋಡಿ. ಕಾಮ್‌ವೇರ್‌ನಲ್ಲಿ 'ಐಆರ್‌ಎಫ್ ಮ್ಯಾಕ್-ಅಡ್ರೆಸ್ ಪರ್ಸಿಸ್ಟೆಂಟ್ ಆಲ್ವೇಸ್'. ಒಂದು ಎಚ್ಚರಿಕೆ: ಸತ್ತ ಹಳೆಯ ಆಕ್ಟಿವ್ ಸ್ವಿಚ್ಚನ್ನು ರಿಪೇರಿ ಮಾಡಿಸಿ ಅದೇ ನೆಟ್‌ವರ್ಕಿನ ಬೇರೆ ಮಹಡಿಯಲ್ಲಿ ಹಾಕಿದರೆ ಒಂದೇ ಮ್ಯಾಕ್ ಎರಡು ಕಡೆ ಬರುತ್ತದೆ.

ಓಡುತ್ತಿರುವ ಆಫೀಸಿನಲ್ಲಿ ಬದಲಾಯಿಸುವ ಕ್ರಮ

ಈಗ ಮೆಂಬರ್ 1ರಲ್ಲಿ ಟೆನ್‌ಗಿಗ್ 1/1/1 ಒಂದೇ ಟ್ರಂಕ್ (ಹಲವು ವಿಎಲ್ಯಾನ್, ಅಂದರೆ ಒಂದೇ ಸ್ವಿಚ್‌ನೊಳಗಿನ ಬೇರೆ ಬೇರೆ ನೆಟ್‌ವರ್ಕ್, ಹೊರುವ ಲಿಂಕ್) ಆಗಿ ಓಡುತ್ತಿದೆ, ಅದನ್ನು 2/1/1 ಮತ್ತು 4/1/1ರ ಬಂಡಲ್ ಮಾಡಬೇಕು ಎಂದಿಟ್ಟುಕೊಳ್ಳಿ. ಎರಡೂ ಕಡೆ ಸ್ಪ್ಯಾನಿಂಗ್ ಟ್ರೀ ಓಡುತ್ತಿರಬೇಕು, ಅಪ್‌ಲಿಂಕಿನ ಮೇಲೆ ಅದರ ಸಂದೇಶಗಳನ್ನು ತಡೆಯುವ ಬಿಪಿಡಿಯು ಫಿಲ್ಟರ್ ಇರಬಾರದು. ಇದು ಖಚಿತವಾಗದೆ ಮುಂದೆ ಹೋಗಬೇಡಿ.

1. ಎರಡೂ ಕಡೆಯ ಕಾನ್ಫಿಗರೇಶನ್ ಉಳಿಸಿ. ದೂರದಿಂದ ಕೆಲಸ ಮಾಡುತ್ತಿದ್ದರೆ 'ರೀಲೋಡ್ ಇನ್ 20' ಕೊಟ್ಟಿಡಿ, ಕೈತಪ್ಪಿದರೆ 20 ನಿಮಿಷಕ್ಕೆ ಸ್ಟ್ಯಾಕ್ ತಾನೇ ರೀಬೂಟ್ ಆಗಿ ಹಳೆಯ ಸ್ಥಿತಿಗೆ ಮರಳುತ್ತದೆ. ಕೆಲಸ ಮುಗಿದ ಕೂಡಲೇ 'ರೀಲೋಡ್ ಕ್ಯಾನ್ಸಲ್' ಕೊಡುವುದನ್ನು ಮರೆಯಬಾರದು. ಕನ್ಸೋಲ್ ಕೇಬಲ್ ಹಾಕಿದ ಲ್ಯಾಪ್‌ಟಾಪ್ ಪಕ್ಕದಲ್ಲಿದ್ದರೆ ಇನ್ನೂ ನೆಮ್ಮದಿ.

2. 2/1/1 ಮತ್ತು 4/1/1, ಕೋರ್‌ನ ಎದುರು ಪೋರ್ಟುಗಳು, ಎಲ್ಲವನ್ನೂ 'ಶಟ್‌ಡೌನ್' ಮಾಡಿ. ಆಮೇಲೆ ಫೈಬರ್ ಚುಚ್ಚಿ.

3. ನಾಲ್ಕೂ ಪೋರ್ಟಿಗೆ ಒಂದೇ ಟ್ರಂಕ್ ಮೋಡ್, ಒಂದೇ ನೇಟಿವ್ (ಟ್ಯಾಗ್ ಇಲ್ಲದ) ವಿಎಲ್ಯಾನ್, ಒಂದೇ ವಿಎಲ್ಯಾನ್ ಪಟ್ಟಿ ಕೊಡಿ. ಬಳಿಕ ಸ್ಟ್ಯಾಕ್ ಕಡೆ 'ಚಾನೆಲ್-ಗ್ರೂಪ್ 1 ಮೋಡ್ ಆಕ್ಟಿವ್', ಕೋರ್ ಕಡೆ ಅಲ್ಲಿಯ ಗ್ರೂಪ್ ಸಂಖ್ಯೆಯೊಂದಿಗೆ ಅದೇ. ಗ್ರೂಪ್ ಸಂಖ್ಯೆ ಎರಡೂ ಕಡೆ ಒಂದೇ ಇರಬೇಕೆಂದಿಲ್ಲ, ಇದ್ದರೆ ಓದಲು ಸುಲಭ.

4. ಮೊದಲು 2/1/1 ಮಾತ್ರ 'ನೋ ಶಟ್‌ಡೌನ್', ಎರಡೂ ತುದಿಯಲ್ಲಿ. 'ಶೋ ಈಥರ್‌ಚಾನೆಲ್ ಸಮ್ಮರಿ'ಯಲ್ಲಿ ಅದರ ಮುಂದೆ 'ಪಿ' (ಬಂಡಲಿಗೆ ಸೇರಿದೆ) ಬರಬೇಕು. ಈಗ ಹಳೆಯ ಟ್ರಂಕ್, ಹೊಸ ಬಂಡಲ್ ಎರಡೂ ಇವೆ, ಸ್ಪ್ಯಾನಿಂಗ್ ಟ್ರೀ ಒಂದನ್ನು ತಡೆದಿರುತ್ತದೆ. 'ಶೋ ಸ್ಪ್ಯಾನಿಂಗ್-ಟ್ರೀ' ನೋಡಿ ಖಾತ್ರಿ ಮಾಡಿಕೊಳ್ಳಿ.

5. 4/1/1 ಕೂಡ ಮೇಲೆತ್ತಿ. ಅದಕ್ಕೂ 'ಪಿ' ಬಂದ ಮೇಲೆ ಹಳೆಯ 1/1/1 ಅನ್ನು ಶಟ್‌ಡೌನ್ ಮಾಡಿ. ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಆದರೆ ಒಂದೆರಡು ಸೆಕೆಂಡು, ಹಳೆಯದಾದರೆ 30 ಸೆಕೆಂಡು ಅಡ್ಡಿ. ಸಂಜೆ ಏಳರ ಮೇಲೆ ಮಾಡಿ.

6. ಹಳೆಯ ಫೈಬರ್ ಕಳಚುವುದು ಮರುದಿನಕ್ಕಿರಲಿ.

ಆಗಲೇ ಇರುವ ಬಂಡಲಿನಿಂದ ಒಂದು ಪೋರ್ಟ್ ತೆಗೆದು ಬೇರೆ ಮೆಂಬರ್‌ಗೆ ಸಾಗಿಸುವುದಾದರೆ, ಮೊದಲು ಆ ಪೋರ್ಟಿಗೆ ಶಟ್‌ಡೌನ್, ಆಮೇಲೆ 'ನೋ ಚಾನೆಲ್-ಗ್ರೂಪ್'. ಹಿಂದುಮುಂದು ಮಾಡಿದರೆ ಅದು ಬಿಡಿ ಟ್ರಂಕ್ ಆಗಿ ಎದ್ದು ನಿಲ್ಲುತ್ತದೆ.

ಸಮ್ಮರಿಯಲ್ಲಿ 'ಪಿ' ಬದಲು ಬೇರೆ ಅಕ್ಷರ ಬಂದರೆ: ಸಣ್ಣ 'ಎಸ್' ಎಂದರೆ ತಡೆಹಿಡಿದಿದೆ, ವಿಎಲ್ಯಾನ್ ಪಟ್ಟಿ, ವೇಗ ಅಥವಾ ಎದುರಿನ ಎಲ್‌ಎಸಿಪಿ ಹೊಂದಿಲ್ಲ. 'ಐ' ಎಂದರೆ ಬಿಡಿ ಪೋರ್ಟಾಗಿ ನಿಂತಿದೆ, ಎದುರಿನಿಂದ ಎಲ್‌ಎಸಿಪಿ ಬರುತ್ತಿಲ್ಲ. 'ಡಿ' ಎಂದರೆ ಡೌನ್. ದೊಡ್ಡ 'ಎಚ್' ಹಾಟ್-ಸ್ಟ್ಯಾಂಡ್‌ಬೈ. 'ಶೋ ಎಲ್‌ಎಸಿಪಿ ನೇಬರ್' ಕೊಟ್ಟು ಎರಡೂ ಪೋರ್ಟಿನ ಎದುರಿನ ಡಿವೈಸ್ ಐಡಿ ಒಂದೇ ಇದೆಯೇ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಇನ್ನು ಮುಂದೆ ವಿಎಲ್ಯಾನ್ ಸೇರಿಸುವುದು ಪೋರ್ಟ್-ಚಾನೆಲ್ ಮೇಲೆ ಮಾತ್ರ, ಬಿಡಿ ಪೋರ್ಟಿನ ಮೇಲಲ್ಲ. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಯಾನ್ ಆಡ್ 30' ಎನ್ನುವಲ್ಲಿ 'ಆಡ್' ಬಿಟ್ಟರೆ ಇದ್ದ ಪಟ್ಟಿಯೆಲ್ಲ ಅಳಿಸಿ 30 ಒಂದೇ ಉಳಿಯುತ್ತದೆ, ಇಡೀ ಮಹಡಿ ಕತ್ತಲಾಗುತ್ತದೆ. ಒಂದೇ ಪದದ ತಪ್ಪು, ಆದರೆ ದುಬಾರಿ.

ಟ್ರಾಫಿಕ್ ಒಂದೇ ಕಡೆ ವಾಲುವುದು ಯಾಕೆ

ಎರಡು 10 ಗಿಗ್ ಸೇರಿದರೆ ಒಂದು ಫೈಲ್ ಕಾಪಿ 20 ಗಿಗ್‌ನಲ್ಲಿ ಓಡುವುದಿಲ್ಲ. ಒಂದು ಸಂಭಾಷಣೆ ಕೊನೆತನಕ ಒಂದೇ ಲಿಂಕಿನಲ್ಲಿ ಹೋಗುತ್ತದೆ, ಇಲ್ಲದಿದ್ದರೆ ಪ್ಯಾಕೆಟ್ ಹಿಂದುಮುಂದಾಗುತ್ತದೆ. ಯಾವ ಲಿಂಕ್ ಎನ್ನುವುದನ್ನು ವಿಳಾಸಗಳ ಮೇಲಿನ ಒಂದು ಲೆಕ್ಕ ನಿರ್ಧರಿಸುತ್ತದೆ.

ಅನೇಕ ಕ್ಯಾಟಲಿಸ್ಟ್‌ಗಳಲ್ಲಿ ಮೊದಲಿನಿಂದ ಇರುವ ಲೆಕ್ಕ ಕಳಿಸುವವರ ಮ್ಯಾಕ್ ಆಧಾರಿತ. ಸ್ಟ್ಯಾಕಿನಿಂದ ಮೇಲಕ್ಕೆ ಹೋಗುವಾಗ ಇದು ನಡೆಯುತ್ತದೆ, ನೂರಾರು ಕಂಪ್ಯೂಟರಿನ ನೂರಾರು ಮ್ಯಾಕ್ ಇರುತ್ತವೆ. ಕೋರ್‌ನಿಂದ ಕೆಳಕ್ಕೆ ಬರುವಾಗ? ರೂಟಿಂಗ್ ಮಾಡುವ ಕೋರ್‌ನಿಂದ ಬರುವ ಪ್ಯಾಕೆಟ್‌ಗಳಿಗೆಲ್ಲ ಕಳಿಸುವವರ ಮ್ಯಾಕ್ ಒಂದೇ, ಗೇಟ್‌ವೇಯದ್ದು. ಎಲ್ಲವೂ ಒಂದೇ ಫೈಬರಿನಲ್ಲಿ ಇಳಿಯುತ್ತವೆ, ಇನ್ನೊಂದು ಖಾಲಿ. ಆಫೀಸಿನಲ್ಲಿ ಡೌನ್‌ಲೋಡೇ ಹೆಚ್ಚು, ಹಾಗಾಗಿ ಬೇಕಾದ ದಿಕ್ಕಿನಲ್ಲೇ ಹಂಚಿಕೆ ಸತ್ತಿರುತ್ತದೆ. ಮದ್ದು ಕೋರ್ ಕಡೆ ಇದೆ: 'ಪೋರ್ಟ್-ಚಾನೆಲ್ ಲೋಡ್-ಬ್ಯಾಲೆನ್ಸ್ ಎಸ್‌ಆರ್‌ಸಿ-ಡಿಎಸ್‌ಟಿ-ಐಪಿ', ಸೌಲಭ್ಯವಿದ್ದರೆ ಪೋರ್ಟ್ ಸಂಖ್ಯೆಯನ್ನೂ ಬೆರೆಸುವ 'ಎಸ್‌ಆರ್‌ಸಿ-ಡಿಎಸ್‌ಟಿ-ಮಿಕ್ಸ್‌ಡ್-ಐಪಿ-ಪೋರ್ಟ್'. ಸ್ಟ್ಯಾಕ್ ಕಡೆಯೂ ಅದನ್ನೇ ಕೊಡಿ. ಎರಡು ಕಡೆ ಒಂದೇ ಲೆಕ್ಕ ಇರಲೇಬೇಕೆಂಬ ನಿಯಮವಿಲ್ಲ, ಹೋಗುವುದು ಒಂದು ಲಿಂಕಿನಲ್ಲಿ, ಬರುವುದು ಇನ್ನೊಂದರಲ್ಲಿ ಆದರೂ ತೊಂದರೆಯಿಲ್ಲ.

ಐಆರ್‌ಎಫ್‌ನಲ್ಲಿ ಇನ್ನೊಂದು ಗುಣವಿದೆ. ಯಾವ ಮೆಂಬರ್‌ಗೆ ಟ್ರಾಫಿಕ್ ಬಂತೋ ಅದೇ ಮೆಂಬರ್‌ನ ಅಪ್‌ಲಿಂಕಿಗೆ ಮೊದಲ ಆದ್ಯತೆ. ಉಂಗುರದ ಮೇಲಿನ ಭಾರ ಇಳಿಯುತ್ತದೆ, ಆದರೆ ಹೆಚ್ಚು ಬಳಸುವವರೆಲ್ಲ ಒಂದೇ ಮೆಂಬರ್‌ನಲ್ಲಿದ್ದರೆ ಅದರ ಲಿಂಕ್ ಮಾತ್ರ ತುಂಬುತ್ತದೆ. ಅಲ್ಲಿ ಬಳಕೆದಾರರ ಪ್ಯಾಚಿಂಗನ್ನೇ ಹಂಚಬೇಕು. ವೈಫೈ ಆಕ್ಸೆಸ್ ಪಾಯಿಂಟ್‌ಗಳನ್ನಂತೂ ಯಾವ ಸ್ಟ್ಯಾಕಿನಲ್ಲೂ ಒಂದೇ ಮೆಂಬರ್‌ಗೆ ಸುರಿಯಬೇಡಿ, ಒಂದು ಬಿಟ್ಟು ಒಂದರಂತೆ ಮೆಂಬರ್ ಬದಲಿಸಿ.

ಕಿತ್ತು ನೋಡದೆ ನಂಬಬೇಡಿ

ಒಂದು ಲ್ಯಾಪ್‌ಟಾಪಿನಿಂದ ಗೇಟ್‌ವೇಗೆ ಪಿಂಗ್ ಹಾಕಿ, ಫೈಬರ್ ಕಿತ್ತು, ಒಂದೂ ಪ್ಯಾಕೆಟ್ ತಪ್ಪಲಿಲ್ಲ ಎಂದು ಸಹಿ ಮಾಡಿಸಿಕೊಂಡು ಹೋಗುವ ಪರೀಕ್ಷೆ ಸುಳ್ಳು. ಆ ಪಿಂಗ್ ಒಂದೇ ಸಂಭಾಷಣೆ, ಬಹುಶಃ ಇನ್ನೊಂದು ಲಿಂಕಿನಲ್ಲಿ ಓಡುತ್ತಿತ್ತು. ನಾಲ್ಕು ಮೆಂಬರ್‌ನಲ್ಲಿ ಒಂದೊಂದು ಲ್ಯಾಪ್‌ಟಾಪ್, ಪ್ರತಿಯೊಂದರಿಂದ ಎರಡು ಮೂರು ಬೇರೆ ವಿಳಾಸಕ್ಕೆ ಪಿಂಗ್ ಹಚ್ಚಿಡಿ. ಆಮೇಲೆ ಈ ನಾಲ್ಕನ್ನು ಮಾಡಿ: 2ರ ಫೈಬರ್ ಕಿತ್ತು ಮರಳಿ ಹಾಕುವುದು, 4ರದ್ದೂ ಹಾಗೇ. 2ರ ಪವರ್ ತೆಗೆಯುವುದು. ಆಕ್ಟಿವ್ ಆದ 1ರ ಪವರ್ ತೆಗೆಯುವುದು. ಕೋರ್ ಎರಡಿದ್ದರೆ ಒಂದನ್ನು ಆಫ್ ಮಾಡುವುದು. ಫೈಬರ್ ಕಿತ್ತಾಗ ಒಂದೆರಡು ಪ್ಯಾಕೆಟ್ ಹೋದರೆ ಸಹಜ. ಪ್ರತಿಸಲ ಮರಳಿ ಬರುವಾಗಲೂ ಪಿಂಗ್ ನೋಡುತ್ತಿರಿ, ಹೋಗುವಾಗ ಕಾಣದ ಅಡ್ಡಿ ಬರುವಾಗ ಕಾಣುವುದುಂಟು. ಆಕ್ಟಿವ್ ತೆಗೆದಾಗ 2 ಮತ್ತು 4ರ ಪೋರ್ಟುಗಳು 'ಪಿ'ಯಲ್ಲೇ ಉಳಿದರೆ ಮ್ಯಾಕ್ ಮತ್ತು ಟೈಮರ್ ಸರಿ ಇವೆ.

ಸಾಫ್ಟ್‌ವೇರ್ ಅಪ್‌ಗ್ರೇಡ್ ವೇಳೆ ಈ ಹಂಚಿಕೆ ಕಾಪಾಡುವುದಿಲ್ಲ ಎಂಬುದನ್ನು ಆಫೀಸಿನವರಿಗೆ ಮೊದಲೇ ಹೇಳಿ. ಸಾಮಾನ್ಯ ಅಪ್‌ಗ್ರೇಡ್‌ನಲ್ಲಿ ಎಲ್ಲ ಮೆಂಬರ್ ಒಟ್ಟಿಗೆ ರೀಬೂಟ್ ಆಗುತ್ತವೆ.

ಸ್ಟ್ಯಾಕ್ ಎರಡಾಗಿ ಒಡೆದರೆ

ಉಂಗುರದ ಎರಡು ಕೇಬಲ್ ಒಟ್ಟಿಗೆ ಹೋದರೆ ಸ್ಟ್ಯಾಕ್ ಎರಡು ತುಂಡಾಗುತ್ತದೆ. ಎರಡೂ ತುಂಡು ತಾನೇ ಯಜಮಾನ ಎಂದುಕೊಂಡು ಅದೇ ಐಪಿ, ಅದೇ ಮ್ಯಾಕ್ ಹಿಡಿದು ಕೂರುತ್ತವೆ. ಎರಡರಲ್ಲೂ ಅಪ್‌ಲಿಂಕ್ ಇದೆ, ಹಂಚಿದ್ದು ನಾವೇ. ಕೋರ್‌ಗೆ ಎರಡರಿಂದಲೂ ಒಂದೇ ಸಿಸ್ಟಮ್ ಐಡಿ ಬರುತ್ತಿರುವುದರಿಂದ ಬಂಡಲ್ ಹಾಗೇ ಉಳಿಯುತ್ತದೆ, ಮೇಲಿನ ತುಂಡಿಗೆ ಹೋಗಬೇಕಾದ ಪ್ಯಾಕೆಟ್ಟಿನ ಅರ್ಧಪಾಲು ಕೆಳಗಿನ ತುಂಡಿಗೆ ಹೋಗಿ ಮಾಯ. ಕೆಲವರಿಗೆ ಕೆಲವು ಸೈಟ್ ಮಾತ್ರ ತೆರೆಯುತ್ತದೆ ಎಂಬ ದೂರು ಬಂದರೆ ಇದನ್ನು ನೆನೆಯಿರಿ.

ಐಆರ್‌ಎಫ್‌ನಲ್ಲಿ ಇದಕ್ಕಾಗಿಯೇ ಎಂಎಡಿ ಇದೆ, ಎಲ್‌ಎಸಿಪಿ ಮೂಲಕವೋ ಬಿಎಫ್‌ಡಿ ಮೂಲಕವೋ ಒಡಕು ಗುರುತಿಸಿ ಒಂದು ತುಂಡಿನ ಪೋರ್ಟುಗಳನ್ನು ಮುಚ್ಚುತ್ತದೆ. ಅದನ್ನು ಹಾಕದೆ ಐಆರ್‌ಎಫ್ ಬಿಡಬೇಡಿ. ಜುನಿಪರ್‌ನ ವರ್ಚುವಲ್ ಷಾಸಿಯಲ್ಲಿ ಒಡಕು ಪತ್ತೆ ಮೊದಲಿನಿಂದಲೇ ಇದೆ, ಎರಡೇ ಮೆಂಬರ್ ಇದ್ದಾಗ ಮಾತ್ರ 'ನೋ-ಸ್ಪ್ಲಿಟ್-ಡಿಟೆಕ್ಷನ್' ಕೊಡುವುದು ವಾಡಿಕೆ, ಇಲ್ಲದಿದ್ದರೆ ಒಂದು ಸತ್ತಾಗ ಉಳಿದದ್ದೂ ಕೈಕಟ್ಟಿ ಕೂರಬಹುದು. ಹಿಂಬದಿಯ ಕೇಬಲ್ ಬಳಸುವ ಸಿಸ್ಕೋ ಸ್ಟ್ಯಾಕ್‌ಗಳಲ್ಲಿ ಪೂರ್ತಿ ಉಂಗುರವೇ ಮುಖ್ಯ ರಕ್ಷಣೆ. ಅಲ್ಲಿ ಒಂದು ಕೇಬಲ್ ಹೋದ ದಿನವೇ ಬದಲಾಯಿಸಬೇಕು, ಎರಡನೆಯದು ಹೋಗುವವರೆಗೆ ಯಾರಿಗೂ ಏನೂ ಕಾಣುವುದಿಲ್ಲ.

ಆಮೇಲಿನ ಕಾವಲು

ಮಾನಿಟರಿಂಗ್‌ನಲ್ಲಿ ಪೋರ್ಟ್-ಚಾನೆಲ್ ಒಂದನ್ನೇ ಇಟ್ಟರೆ, ಒಂದು ಲಿಂಕ್ ಸತ್ತು ಆರು ತಿಂಗಳಾದರೂ ಅದು ಹಸಿರಾಗಿಯೇ ಇರುತ್ತದೆ. 2/1/1, 4/1/1, ಕೋರ್‌ನ ಎದುರು ಪೋರ್ಟುಗಳು, ಪ್ರತಿ ಸ್ಟ್ಯಾಕ್ ಪೋರ್ಟು, ಎಲ್ಲಕ್ಕೂ ಬೇರೆ ಬೇರೆ ಅಲರ್ಟ್ ಇರಲಿ. ಬರುವ ಬೆಳಕಿನ ಮಟ್ಟವನ್ನೂ ದಾಖಲಿಸಿ. ಹಾಕಿದ ದಿನದ ಮಟ್ಟಕ್ಕಿಂತ 3 ಡಿಬಿ ಇಳಿದರೆ ಫೈಬರ್ ಒರೆಸಲು ಹೋಗುವ ಸಮಯ.

ಸತ್ತ ಮೆಂಬರ್ ಬದಲಾಯಿಸುವಾಗ ಹೊಸ ಸ್ವಿಚ್ ಅದೇ ಮಾದರಿಯದಾಗಿರಲಿ. ಸಾಫ್ಟ್‌ವೇರ್ ಆವೃತ್ತಿ ಮತ್ತು ಮೆಂಬರ್ ನಂಬರನ್ನು ಮೇಜಿನ ಮೇಲೆಯೇ ಹೊಂದಿಸಿ, ಪ್ರಯಾರಿಟಿ 1 ಇದೆಯೇ ನೋಡಿ, ಪವರ್ ಆರಿಸಿದ ಸ್ಥಿತಿಯಲ್ಲೇ ಸ್ಟ್ಯಾಕ್ ಕೇಬಲ್ ಜೋಡಿಸಿ. ಪವರ್ ಆನ್ ಇರುವ ಸ್ವಿಚ್ಚನ್ನು ಜೋಡಿಸಿದರೆ ಎರಡು ಯಜಮಾನರ ನಡುವೆ ಚುನಾವಣೆ ನಡೆದು ಸೋತ ಕಡೆಯವರು ರೀಬೂಟ್ ಆಗುತ್ತಾರೆ, ಸೋಲುವುದು ನಿಮ್ಮ ಓಡುತ್ತಿರುವ ಸ್ಟ್ಯಾಕೇ ಆಗಬಹುದು. ಕೇಬಲ್ ಹಾಕಿ, ಪವರ್ ಕೊಟ್ಟು, 'ಶೋ ಸ್ವಿಚ್'ನಲ್ಲಿ 'ರೆಡಿ' ಬರುವವರೆಗೆ ಅಪ್‌ಲಿಂಕ್ ಫೈಬರ್ ಮುಟ್ಟಬೇಡಿ. ನಂಬರ್ ಹಳೆಯದೇ ಇದ್ದರೆ ಪೋರ್ಟಿನ ಕಾನ್ಫಿಗರೇಶನ್ ತಾನಾಗಿ ಕೂರುತ್ತದೆ. ಫೈಬರ್ ತುದಿ ಒರೆಸಿ ಚುಚ್ಚಿ, ಸಮ್ಮರಿಯಲ್ಲಿ ಆ ಪೋರ್ಟಿನ ಮುಂದೆ 'ಪಿ' ಬಂದುದನ್ನು ನೋಡಿ ರ‍್ಯಾಕಿನ ಬಾಗಿಲು ಹಾಕಿ.